ಕತ್ತರಿ ಬಿದ್ದರೂ ಸಾಯದ ಗಂಡಮ್!

‘ಮೊಬೈಲ್ ಸೂಟ್ ಗಂಡಮ್’ನ 43 ಕಂತುಗಳನ್ನೂ ಮೊನ್ನೆ ಮತ್ತೊಮ್ಮೆ ಕೂತು ನೋಡಿದೆ ಕಣ್ರಪ್ಪಾ. 1979-80ರಲ್ಲಿ ಜಪಾನಿನ ಟಿ.ವಿ.ಯಲ್ಲಿ ಬಂದ ಕಾರ್ಟೂನ್. 52 ಕಂತು ಓಡಬೇಕಿತ್ತು. ಜನ ನೋಡಲಿಲ್ಲ, ಆಟಿಕೆ ಖರ್ಚಾಗಲಿಲ್ಲ, ಕತ್ತರಿ ಬಿತ್ತು. ಆಮೇಲೆ 1980ರಲ್ಲಿ ಪ್ಲಾಸ್ಟಿಕ್ ಮಾಡೆಲ್‌ಗಳು ಬಂದವು ನೋಡಿ, ಅಂಗಡಿ ಮುಂದೆ ಕ್ಯೂ!

ಹೀರೋ ಅಮುರೊ 15ರ ಪೋರ. ಕೈಪಿಡಿ ಓದ್ಕೊಂಡೇ ದೈತ್ಯ ರೋಬೋ ಓಡಿಸ್ತಾನೆ. ಆಮೇಲೆ ‘ಇನ್ನು ಹತ್ತಲ್ಲ’ ಅಂತ ಮುಷ್ಕರ ಹೂಡ್ತಾನೆ. ಕೆನ್ನೆಗೆ ಬಾರಿಸೋ ಕ್ಯಾಪ್ಟನ್‌ಗೂ ಬರೀ 19! 13ನೇ ಕಂತಲ್ಲಿ ಹೆತ್ತ ತಾಯಿಯ ಕಣ್ಣೆದುರೇ ಶತ್ರು ಸೈನಿಕನಿಗೆ ಗುಂಡು ಹೊಡೀತಾನೆ. ತಾಯಿ ‘ಇವನು ನನ್ನ ಮಗನಾ?’ ಅನ್ನೋ ಹಾಗೆ ನೋಡ್ತಾಳೆ. ಆ ನೋಟ ತಡೆಯೋಕಾಗಲ್ಲ ಸ್ವಾಮಿ. ನಮ್ಮ ಸ್ಟಂಟ್ ಚಿತ್ರಗಳಲ್ಲಿ ಹೀರೋನ ತಾಯಿ ಹಾಗೆ ನೋಡಿದ್ದುಂಟೇ?

ಕೊರತೆ ಮುಚ್ಚಿಡಲ್ಲ. 15ನೇ ಕಂತಿನ ಚಿತ್ರಗಳಂತೂ ಸೊಟ್ಟಂಬಟ್ಟ. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಆ ಕಂತನ್ನೇ ಕೈಬಿಟ್ಟರು. 1981-82ರ ಮೂರು ಸಿನಿಮಾಗಳಲ್ಲೂ ಅದಿಲ್ಲ. ಆದರೆ ಕಥೆ? ಸೈನ್ಯ ಬಿಟ್ಟು ಓಡಿಬಂದವನೊಬ್ಬ ದ್ವೀಪದಲ್ಲಿ ಅನಾಥ ಮಕ್ಕಳನ್ನು ಸಾಕ್ತಿರ್ತಾನೆ. ಚಿನ್ನದಂಥ ಕಥೆ, ಚಿಂದಿ ಚಿತ್ರ.

ಮೂಲ ಸರಣಿಗೆ ಪಾತ್ರಗಳನ್ನು ಬರೆದುಕೊಟ್ಟ ಯಸುಹಿಕೊ ಅವರೇ 2022ರಲ್ಲಿ ಅದನ್ನು ದೊಡ್ಡ ತೆರೆಗೆ ತಂದರು. ಅದನ್ನೂ ನೋಡಿ. ಆದರೆ ಮೊದಲು ಆ ಸೊಟ್ಟ ಕಂತು!