ಗುತ್ತಿಗೆಯ ಸಂಬಳವೂ ಜಾತಿಯೂ
ಲಂಡನ್ನಿನ ರಾಜೋದ್ಯಾನಗಳ ಶೌಚಾಲಯಗಳನ್ನು ತೊಳೆಯುವ, ಬಹುತೇಕ ಕರಿಯರಾದ ಗುತ್ತಿಗೆ ಕೆಲಸಗಾರರು ತಮ್ಮ ಕಡಿಮೆ ವೇತನವು ಪರೋಕ್ಷ ವರ್ಣಭೇದವೆಂದು ಹೂಡಿದ ದಾವೆಯು 2024ರಲ್ಲಿ ಅಲ್ಲಿಯ ಅಪೀಲು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಸಂಬಳ ಕೊಡುವವನು ಗುತ್ತಿಗೆದಾರನಾದ್ದರಿಂದ ಉದ್ಯಾನದ ಸಂಸ್ಥೆಯು ಅದಕ್ಕೆ ಹೊಣೆಯಲ್ಲವಂತೆ! ಈ ‘ಅಂತೆ’ಯು ಗದಗ-ಬೆಟಗೇರಿಯ ವಾಚಕರಿಗೆ ಹೊಸತಲ್ಲ.

ನಮ್ಮಲ್ಲಿ ವರ್ಣದ ಸ್ಥಾನದಲ್ಲಿ ಜಾತಿಯುಂಟು. ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು. 2022ರ ಜುಲೈ ಮುಷ್ಕರದ ತರುವಾಯ ಸರಕಾರವು 11,133 ಜನರನ್ನು ಖಾಯಂಗೊಳಿಸಲು ಒಪ್ಪಿತು. ಆದರೆ ಕಸದ ಗಾಡಿಯ ಚಾಲಕರೂ ಲೋಡರುಗಳೂ ಹೊರಗುತ್ತಿಗೆಯಲ್ಲಿಯೇ ಉಳಿದರು. ಓಣಿಯೊಂದೇ, ಕಸವೊಂದೇ, ಗುಡಿಸುವವನಿಗೊಂದು ಹಾಜರಿಪಟ್ಟಿ, ಎತ್ತುವವನಿಗಿನ್ನೊಂದು.

ಗದಗಿನ ನಗರಾಡಳಿತವೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಆಡಳಿತಗಳೂ ಇಂಥವರ ಜಾತಿವಾರು ವೇತನದ ಪಟ್ಟಿಯನ್ನು ಮೊದಲು ಪ್ರಕಟಿಸತಕ್ಕದ್ದು. ಗುತ್ತಿಗೆಯ ಕರಾರನ್ನು ಬರೆಯುವವರು ಅವರೇ ಅಷ್ಟೆ.