ನಡು ಯಾವುದೆಂಬ ಪ್ರಶ್ನೆ

ಶಿವಮೊಗ್ಗೆಯ ಅಡಕೆ ಮಾರುಕಟ್ಟೆಯ ಧಾರಣೆಯನ್ನು ಪ್ರಕಟಿಸುವಾಗ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಾಲನ್ನು ವಿಂಗಡಿಸಿ, ಒಂದೊಂದರ ಮುಂದೆಯೂ ಕನಿಷ್ಠ, ಗರಿಷ್ಠ ಎಂಬ ಎರಡು ಬೆಲೆಗಳ ಜೊತೆಗೆ 'ಮಾದರಿ' ಎಂಬ ಮೂರನೆಯದನ್ನೂ ಕೊಡುವ ಪದ್ಧತಿಯುಂಟು. ತೋಟದ ಯಜಮಾನರು ಕನ್ನಡಕ ಏರಿಸಿಕೊಂಡು ಮೊದಲು ಅರಸುವುದು ಈ ಮೂರನೆಯದನ್ನೇ. ಗರಿಷ್ಠವು ಎಲ್ಲೋ ಒಬ್ಬ ಪುಣ್ಯವಂತನಿಗೆ ದಕ್ಕಿದ್ದು, ಕನಿಷ್ಠವು ಮಳೆಗೆ ಸಿಕ್ಕಿ ಕೆಟ್ಟ ಮಾಲಿನದು, ತಮ್ಮಂಥವರ ಕೈಗೆ ಬರಬಹುದಾದ ಬೆಲೆ ಬಹುಮಂದಿಗೆ ಬಂದ ಈ ಮಾದರಿಯೆಂಬ ವ್ಯವಹಾರಜ್ಞಾನವನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಹತ್ತನೆಯ ತರಗತಿಯ ಮೊಮ್ಮಗನು 'ರೂಢಿಬೆಲೆ' ಎಂಬುದರ ಸೂತ್ರವನ್ನು ಕಣ್ಣುಮುಚ್ಚಿ ಉರುಹಚ್ಚುತ್ತಿರುತ್ತಾನೆ. ಅಜ್ಜ ಓದುತ್ತಿರುವುದೂ ತಾನು ಒದರುತ್ತಿರುವುದೂ ಒಂದೇ ಪದಾರ್ಥವೆಂಬುದು ಅವನಿಗೆ ಹೊಳೆದಿರುವುದಿಲ್ಲ, ಹೊಳೆಯಿಸಬೇಕಾಗಿದ್ದವರು ನಾವು.

ಸಂಖ್ಯಾಶಾಸ್ತ್ರದ ಅಧ್ಯಾಯವು ನಮ್ಮ ಪ್ರೌಢಶಾಲೆಗಳಲ್ಲಿ ಬಹುಮಟ್ಟಿಗೆ ವರ್ಷದ ಕೊನೆಯ ಭಾಗಕ್ಕೆ, ಪರೀಕ್ಷೆಯ ಗಾಳಿ ಬೀಸತೊಡಗಿದ ಮೇಲೆ ಬರುತ್ತದೆ, ಮತ್ತು 'ಅಂಕ ಖಚಿತ' ಎಂಬ ಖ್ಯಾತಿಯೊಡನೆಯೇ ಬರುತ್ತದೆ. ವರ್ಗಾಂತರಗಳ ಕೋಷ್ಟಕವನ್ನು ಎಳೆದು, ಆವೃತ್ತಿಗಳನ್ನು ತುಂಬಿ, ನೇರ ವಿಧಾನ, ಅಂದಾಜು ಸರಾಸರಿ ವಿಧಾನ, ಹಂತ ವಿಚಲನಾ ವಿಧಾನಗಳಲ್ಲೊಂದನ್ನು ಹಿಡಿದು ಕಡೆಯ ಸಾಲಿನಲ್ಲಿ ಒಂದು ಸಂಖ್ಯೆಯನ್ನು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರೆ ಕೆಲಸ ಮುಗಿಯಿತು. ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರವೆಂದು ಕೇಳಿದವರಿಲ್ಲ. ಸರಾಸರಿ, ಮಧ್ಯಾಂಕ, ರೂಢಿಬೆಲೆಗಳು ಮೂರು ಸೂತ್ರಗಳಾಗುವುದಕ್ಕೆ ಮೊದಲು ಮೂರು ಬೇರೆ ಬೇರೆ ಪ್ರಶ್ನೆಗಳಾಗಿದ್ದುವು. ಪಾಠವು ಆ ಪ್ರಶ್ನೆಗಳಿಂದ ತೊಡಗತಕ್ಕದ್ದು ಎಂಬುದಷ್ಟೇ ನನ್ನ ವಾದ.

ಒಂಬತ್ತು ಒಕ್ಕಲುಗಳ ಒಂದು ಪುಟ್ಟ ಊರನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಮನೆಗೆ ಒಂದೊಂದು ಎಕರೆ, ಎರಡು ಮನೆಗೆ ಎರಡೆರಡು, ಒಂದಕ್ಕೆ ಮೂರು, ಇನ್ನೊಂದಕ್ಕೆ ನಾಲ್ಕು, ಊರ ಗೌಡರಿಗೆ ಮಾತ್ರ ಮೂವತ್ತು. ಒಟ್ಟು 45 ಎಕರೆ, ಸರಾಸರಿ 5. ಐದೆಕರೆಯ ಒಕ್ಕಲೊಂದು ಆ ಊರಿನಲ್ಲಿಯೇ ಇಲ್ಲವೆಂಬುದನ್ನೂ, ಎಂಟು ಮನೆಗಳು ಸರಾಸರಿಗಿಂತ ಕೆಳಗಿವೆಯೆಂಬುದನ್ನೂ ಮಕ್ಕಳು ತಾವಾಗಿ ಕಂಡುಕೊಳ್ಳುವಷ್ಟು ಹೊತ್ತು ಉಪಾಧ್ಯಾಯರು ಸುಮ್ಮನಿರಬಲ್ಲರಾದರೆ, ಅರ್ಧ ಪಾಠ ಆದಂತೆಯೇ. ಒಂಬತ್ತು ಮಂದಿಯನ್ನು ಹಿಡುವಳಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಐದನೆಯವನದು ಎರಡು ಎಕರೆ: ಮಧ್ಯಾಂಕ. ಹೆಚ್ಚು ಮನೆಗಳಿಗಿರುವುದು ಒಂದು ಎಕರೆ: ರೂಢಿಬೆಲೆ. ಇನ್ನು ಗೌಡರ ಮೂವತ್ತನ್ನು ಅಳಿಸಿ ಮುನ್ನೂರು ಮಾಡಿ ನೋಡಿ. ಸರಾಸರಿ 35ಕ್ಕೆ ನೆಗೆಯುತ್ತದೆ, ಸಾಲಿನ ನಡುವಿನವನು ಎರಡೆಕರೆಯ ಮೇಲೆ ನಿಂತಲ್ಲಿಯೇ ನಿಂತಿರುತ್ತಾನೆ. ತಲಾ ಆದಾಯ ಏರಿತೆಂಬ ವಾರ್ತೆಯನ್ನು ಓದುವಾಗ ಈ ಊರು ನೆನಪಾದರೆ ಸಾಕು.

ಇಷ್ಟು ಹೇಳಿ ಸರಾಸರಿಯನ್ನು ಸುಳ್ಳುಗಾರನೆಂದು ಹೊರಗಟ್ಟುವುದೂ ಈಚೆಗೆ ಒಂದು ವಾಡಿಕೆಯಾಗಿದೆ, ಅದು ಅನ್ಯಾಯ. ಹನ್ನೆರಡನೆಯ ಶತಮಾನದ 'ಲೀಲಾವತಿ'ಯಲ್ಲಿ, ಏರುಪೇರಾಗಿ ತೋಡಿದ ಗುಂಡಿಯ ಘನಫಲವನ್ನು ಅರಿಯಲು, ಹಲವೆಡೆ ಅಳೆದ ಅಳತೆಗಳನ್ನು ಕೂಡಿಸಿ ಎಡೆಗಳ ಸಂಖ್ಯೆಯಿಂದ ಭಾಗಿಸಬೇಕೆಂದು ಭಾಸ್ಕರಾಚಾರ್ಯನು ವಿಧಿಸಿ, ಬಂದ ಫಲವನ್ನು 'ಸಮಮಿತಿ' ಎಂದಿದ್ದಾನೆ. ಏರುಪೇರನ್ನು ಸಮಮಾಡಿದರೆ ಎಷ್ಟು ಎಂಬುದೇ ಸರಾಸರಿಯ ಪ್ರಶ್ನೆ. ಎಷ್ಟು ಮಣ್ಣು ಹೊರಬಂದೀತು, ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬೇಕಾದೀತು ಎಂಬ ಒಟ್ಟಿನ ಲೆಕ್ಕಕ್ಕೆ ಮಧ್ಯಾಂಕದಿಂದ ಏನೂ ಆಗದು.

ಸರಾಸರಿಯನ್ನು ಹೊರಗಟ್ಟಬಾರದೆಂಬುದಕ್ಕೆ ಒಂದು ಸೊಗಸಾದ ನಿದರ್ಶನವುಂಟು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಪಟ್ಟಣದ ಜಾನುವಾರು ಪ್ರದರ್ಶನದಲ್ಲಿ, ಕೊಬ್ಬಿದ ಎತ್ತೊಂದನ್ನು ತೋರಿಸಿ, ಕಡಿದು ಹಸನುಮಾಡಿದ ಮೇಲೆ ಅದು ಎಷ್ಟು ತೂಗೀತೆಂದು ಊಹಿಸುವ ಪಂದ್ಯವನ್ನು ಏರ್ಪಡಿಸಿದ್ದರು. ಚೀಟಿಯೊಂದಕ್ಕೆ ಆರು ಪೆನ್ನಿ. ಓದಲು ಬರುವಂತಿದ್ದ 787 ಚೀಟಿಗಳನ್ನು ವಿದ್ವಾಂಸ ಫ್ರಾನ್ಸಿಸ್ ಗಾಲ್ಟನ್ ತರಿಸಿಕೊಂಡು, ಅವುಗಳ ಮಧ್ಯಾಂಕ 1,207 ಪೌಂಡು, ನಿಜವಾದ ತೂಕ 1,198 ಎಂದು ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ. ಸರಾಸರಿಯೆಂದರೆ ವಿಪರೀತಬುದ್ಧಿಯವರ ಮಾತಿಗೆ ಅವರ ವೈಪರೀತ್ಯದಷ್ಟೇ ತೂಕ ಕೊಟ್ಟಂತೆ ಎಂಬುದು ಅವನ ಅಭಿಪ್ರಾಯ. ಆದ್ದರಿಂದ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಓದುಗರೊಬ್ಬರು ಆ ವಿಷಯವನ್ನೆತ್ತಿದ ಮೇಲೆ ಅವನು ಕೊಟ್ಟ ಸರಾಸರಿ 1,197 ಪೌಂಡು! ತಾನು ಹೊರಗಿಟ್ಟ ಅಳತೆಯೇ ತನ್ನ ಮೆಚ್ಚಿನದಕ್ಕಿಂತ ಸನಿಹ ಬಂದುದನ್ನು ಅವನೇ ಅಚ್ಚುಮಾಡಿಸಬೇಕಾಯಿತು. ಹೈಸ್ಕೂಲಿನ ಮಕ್ಕಳಿಗೆ ಈ ಕಥೆ ಖಂಡಿತ ರುಚಿಸುತ್ತದೆ. ಮಾರನೆಯ ದಿನ ಒಂದು ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು ತರಗತಿಯಲ್ಲಿಯೇ ಪಂದ್ಯ ನಡೆಸಬಹುದು, ಪೆನ್ನಿಯ ಹಂಗಿಲ್ಲದೆ.

ಪ್ರಶ್ನಪತ್ರಿಕೆಯೂ ಒಂದಿಷ್ಟು ಬದಲಾಗಬೇಕು. 'ಸರಾಸರಿಯನ್ನು ಕಂಡುಹಿಡಿಯಿರಿ' ಎಂಬಲ್ಲಿ 'ಯಾವ ಅಳತೆ ಇಲ್ಲಿ ಸಲ್ಲುತ್ತದೆ, ಏಕೆ?' ಎಂದು ಕೇಳಿದರೆ ಮೌಲ್ಯಮಾಪಕರಿಗೆ ಕಷ್ಟವೆನ್ನುತ್ತಾರೆ. ಕಷ್ಟವೇ, ನಿಜ, ಆದರೆ ಮಕ್ಕಳ ಓದನ್ನು ಮೌಲ್ಯಮಾಪಕರ ಸೌಕರ್ಯಕ್ಕೆ ತಕ್ಕಂತೆ ಕತ್ತರಿಸುತ್ತ ಹೋಗುವುದೂ ಎಲ್ಲಾದರೊಂದು ಕಡೆ ನಿಲ್ಲಬೇಡವೆ?

ವಾರದ ಸಂತೆಗೆ ಮಕ್ಕಳನ್ನು ಕಳುಹಿಸಿ, ಇಪ್ಪತ್ತು ಅಂಗಡಿಗಳಲ್ಲಿ ಟೊಮ್ಯಾಟೊ ಧಾರಣೆಯನ್ನು ಬೆಳಗ್ಗೆ ಒಮ್ಮೆ, ಹೊತ್ತು ಮುಳುಗುವ ಮುನ್ನ ಮತ್ತೊಮ್ಮೆ ಬರೆದುತರಲು ಹೇಳಿ ನೋಡಿ. ಬೆಳಗಿನ ಬೆಲೆಯದೊಂದು ಗುಂಪು, ಉಳಿದದ್ದನ್ನು ಹೊತ್ತುಕೊಂಡು ಹೋಗಲಾರದೆ ಇಳಿಸಿದ ಸಂಜೆಯ ಬೆಲೆಯದೊಂದು ಗುಂಪು. ಸರಾಸರಿ ಬೀಳುವುದು ಇವೆರಡರ ನಡುವಣ ಬಯಲಿನಲ್ಲಿ, ಯಾರೂ ಕೊಳ್ಳದ ಯಾರೂ ಮಾರದ ಬೆಲೆಯಲ್ಲಿ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಇದರ ರೂಢಿಬೆಲೆ ಬೆಳಗಿನದೋ ಸಂಜೆಯದೋ, ಸಾರ್?' ಎಂದು ಕೇಳಿದಳೆನ್ನಿ. ಉಪಾಧ್ಯಾಯರು ಸೀಮೆಸುಣ್ಣವನ್ನು ಕೆಳಗಿಟ್ಟು, ಸಂತೆಯಲ್ಲಿ ಆ ಸಂಜೆ ಏನು ನಡೆಯಿತೆಂದು ಅವಳನ್ನೇ ಕೇಳಬೇಕಾಗುತ್ತದೆ.