ರೆಡ್ ಅಲರ್ಟ್ ದಿನ ಬಿಸಿಲು ಬಿದ್ದರೆ ತಪ್ಪು ಯಾರದು?

ಮಳೆಗಾಲ ಬಂತೆಂದರೆ ಕರಾವಳಿಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ನಾಳೆ ರಜೆಯಿದೆಯೇ? ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನವೇ ಬಿಸಿಲು ಬಿದ್ದರೆ ಹವಾಮಾನ ಇಲಾಖೆಯನ್ನು ಗೇಲಿ ಮಾಡುವುದು ನಮಗೆಲ್ಲ ರೂಢಿ. ಈ ಗೇಲಿಯಲ್ಲಿ ಅರ್ಧ ನ್ಯಾಯವಿದೆ, ಅರ್ಧ ಇಲ್ಲ.

ಇಲಾಖೆಯ 'ದಿನ' ಶಾಲೆಯ ದಿನವಲ್ಲ. ಮಳೆಯನ್ನು ಅಳೆಯುವುದು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ. ಸೋಮವಾರಕ್ಕೆ ಹೇಳಿದ ಮಳೆ ಆ ರಾತ್ರಿ ಎರಡು ಗಂಟೆಗೆ ಸುರಿದರೂ ಮುನ್ಸೂಚನೆ ಸರಿಯೇ. ಮಕ್ಕಳು ಮಾತ್ರ ಹಗಲಿಡೀ ಅಂಗಳದಲ್ಲಿ ಕ್ರಿಕೆಟ್ ಆಡಿರುತ್ತಾರೆ!

ಇನ್ನು 'ಒಂದೆರಡು ಕಡೆ' ಎಂಬ ಮಾತು. ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ಇಲಾಖೆ ಈ ಮಾತನ್ನು ಬಳಸುತ್ತದೆ. ಒಂದೆರಡು ಕಡೆ 204.5 ಮಿ.ಮೀ. ಮುಟ್ಟುವ ಸಂಭವವಿದ್ದರೂ ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುವ ನಾಡಿದು. ಸುಬ್ರಹ್ಮಣ್ಯದಲ್ಲಿ ಹೊಳೆ ಉಕ್ಕುತ್ತಿರುವಾಗ ಉಳ್ಳಾಲದಲ್ಲಿ ಬಟ್ಟೆ ಒಣಗಬಹುದು. ಎರಡಕ್ಕೂ ಒಂದೇ ಬಣ್ಣ.

ಶಾಲೆಗೆ ತಪ್ಪಿದ ದಿನವನ್ನು ಶನಿವಾರ ತುಂಬಿಸಿಕೊಳ್ಳಬಹುದು. ನಾಡದೋಣಿಯವರ ಸಂಗತಿ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳೇ ಇವರ ದುಡಿಮೆಯ ಕಾಲ. 'ಕಡಲಿಗಿಳಿಯಬೇಡಿ' ಎಂದ ದಿನ ಕಡಲು ಶಾಂತವಾಗಿದ್ದರೆ ಆ ದಿನದ ಗಂಜಿ ಹೋಯಿತು. ಮೂರು ಸಲ ಹೀಗಾದರೆ ನಾಲ್ಕನೆಯ ಎಚ್ಚರಿಕೆಯನ್ನು ಯಾರು ಕೇಳುತ್ತಾರೆ? ನಮ್ಮ ಭಯ ಇರುವುದು ಇಲ್ಲಿಯೇ. 2017ರ ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ಓಖಿ ಚಂಡಮಾರುತ ಎದ್ದಾಗ, ದಿನಗಳ ಮುಂಚೆಯೇ ಆಳಸಮುದ್ರಕ್ಕೆ ಹೋದವರಿಗೆ ಸುದ್ದಿಯೇ ಮುಟ್ಟಲಿಲ್ಲ. ತಿರುವನಂತಪುರ ಮತ್ತು ಕನ್ಯಾಕುಮಾರಿ ಕರಾವಳಿಯ ಎಷ್ಟೋ ಕಥೋಲಿಕ ಮನೆಗಳಿಗೆ ಗಂಡಸರು ಮರಳಲೇ ಇಲ್ಲ. ಅಲ್ಲಿ ಎಚ್ಚರಿಕೆ ತಲುಪಲಿಲ್ಲ. ಇಲ್ಲಿ ತಲುಪಿದರೂ ನಂಬಿಕೆ ಉಳಿಯದೆ ಹೋದೀತು.

ವಿಜ್ಞಾನ ಕೈಕಟ್ಟಿ ಕುಳಿತಿಲ್ಲವೆನ್ನಿ. 12 ಕಿ.ಮೀ. ಚೌಕಗಳ ಲೆಕ್ಕದಲ್ಲಿ ನಡೆಯುತ್ತಿದ್ದ ಮುನ್ಸೂಚನೆ 2025ರ ಮೇ ತಿಂಗಳಿಂದ 6 ಕಿ.ಮೀ.ಗೆ ಇಳಿದಿದೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲಿವೆ. ಆದರೂ ಒಂದು ಗುಡುಗುಮೋಡ ಎಲ್ಲಿ ಒಡೆಯುತ್ತದೆಂದು ಮೂರು ದಿನ ಮೊದಲೇ ಹೇಳಲಾಗದು. ಎರಡು-ಮೂರು ಗಂಟೆ ಮೊದಲು ಹೇಳಬಹುದು. ಇಲಾಖೆ ಮೂರು ಗಂಟೆಗಳ ಅಂಥ ಸೂಚನೆಗಳನ್ನೂ ಹೊರಡಿಸುತ್ತದೆ. ಅದು ದಕ್ಕೆಯಲ್ಲಿ ಬಲೆ ಹೊಲಿಯುತ್ತಿರುವವರ ಕಿವಿಗೆ ತುಳು, ಕೊಂಕಣಿ, ಬ್ಯಾರಿ ಭಾಷೆಯಲ್ಲಿ ಬೀಳುವ ಏರ್ಪಾಡು ಬೇಕು. ರಜೆಯನ್ನು ಕೆಲವೊಮ್ಮೆ ತಾಲೂಕುವಾರು ಕೊಡುವಂತೆ ಎಚ್ಚರಿಕೆಯನ್ನೂ ತಾಲೂಕುವಾರು, ಹಗಲು-ರಾತ್ರಿ ಬೇರ್ಪಡಿಸಿ ಹೇಳಲು ಜಿಲ್ಲಾಡಳಿತಕ್ಕೆ ಇರುವ ಅಡ್ಡಿಯೇನು?